22 ಮಿಲಿಮೀಟರ್ ಮನುಷ್ಯರ ಊರಿಗೆ

ಲಂಡನ್ನಿನ ಪ್ಯಾಡಿಂಗ್ಟನ್‌ನಿಂದ ಪಶ್ಚಿಮಕ್ಕೆ ಹೊರಡುವ ರೈಲು ರೆಡಿಂಗ್ ದಾಟಿದ ಮೇಲೆ ಡಿಡ್‌ಕಟ್‌ಗೆ ಬರುತ್ತದೆ. ನಿಲ್ದಾಣದ ಮಗ್ಗುಲಲ್ಲೇ 1932ರಲ್ಲಿ ಕಟ್ಟಿದ ಲೋಕೋ ಶೆಡ್ ಇದೆ. ಹಳೆಯ ಗ್ರೇಟ್ ವೆಸ್ಟರ್ನ್ ರೈಲ್ವೆ ಕಂಪನಿ ಇಲ್ಲವಾಗಿ ಎಷ್ಟೋ ಕಾಲವಾಯಿತು; ಅದರ ಉಗಿ ಎಂಜಿನ್ನುಗಳನ್ನು ಮಾತ್ರ ಹವ್ಯಾಸಿಗಳು ಇಲ್ಲಿ ಉಳಿಸಿಕೊಂಡಿದ್ದಾರೆ. ನಾವು ಹೋದ ದಿನ ಒಂದಕ್ಕೆ ಬೆಂಕಿ ಹಾಕಿದ್ದರು. ಹಸಿರು ಮೈ, ತಾಮ್ರದ ಅಂಚು ಕಟ್ಟಿದ ಹೊಗೆಕೊಳವೆ, ನನ್ನ ಎದೆಯ ಮಟ್ಟ ಮುಟ್ಟುವ ಚಕ್ರ. ಬಿಸಿ ಎಣ್ಣೆ, ಕಲ್ಲಿದ್ದಲು, ಒದ್ದೆ ಕಬ್ಬಿಣ ಮೂರೂ ಬೆರೆತ ಆ ವಾಸನೆ ಮೂಗಿಗೆ ಬಿದ್ದದ್ದೇ, ಮೀಟರ್‌ಗೇಜ್ ಕಾಲದಲ್ಲಿ ಕಿಟಕಿಯಾಚೆ ತಲೆ ಹಾಕಿ ಕಣ್ಣಿಗೆ ಕಿಡಿ ಬೀಳಿಸಿಕೊಂಡ ಯಾರಿಗೂ ವಯಸ್ಸು ಮರೆತುಹೋಗುತ್ತದೆ. ಆದರೆ ನಾನು ಬಂದದ್ದು ಇದಕ್ಕಲ್ಲ. ರೆಡಿಂಗ್‌ನಲ್ಲಿ ಕೆಲಸ ಮಾಡುವ ಅಕ್ಕನ ಮಗ ಕಾರಿನ ಕೀಲಿ ಆಡಿಸುತ್ತ ನಿಂತಿದ್ದ. "ಮಾವ, ದೊಡ್ಡದು ನೋಡಿದ್ದಾಯ್ತಲ್ಲ, ಚಿಕ್ಕದಕ್ಕೆ ಹೋಗೋಣವಾ?"

ಚಿಕ್ಕದು ಇರುವುದು ಅಲ್ಲಿಂದ ಕೆಲವೇ ಮೈಲಿ ಆಚೆ, ಥೇಮ್ಸ್ ನದಿಗೆ ಅಂಟಿಕೊಂಡ ಲಾಂಗ್ ವಿಟೆನ್‌ಹಮ್ ಎಂಬ ಹಳ್ಳಿಯಲ್ಲಿ. ಹೆಸರು ಪೆಂಡನ್ ಮ್ಯೂಸಿಯಂ. ಹೊರಗಿನಿಂದ ನೋಡಿದರೆ ಒಳಗೆ ಏನಿದೆಯೆಂಬ ಸುಳಿವೇ ಸಿಗದ ಸಾಧಾರಣ ಕಟ್ಟಡ. ಒಳಗೆ, ಬೆಳಕು ತಗ್ಗಿಸಿದ ಕೋಣೆಯಲ್ಲಿ, 1920-30ರ ದಶಕದ ಇಂಗ್ಲೆಂಡಿನ ಒಂದು ಕಣಿವೆ ಇದೆ. ರೂಪಕವಾಗಿ ಹೇಳುತ್ತಿಲ್ಲ. ದಿಬ್ಬ, ಹೊಲ, ಬೇಲಿ, ಮಣ್ಣುದಾರಿ, ಹುಲ್ಲು ಹೊದಿಸಿದ ಮನೆಗಳು, ಅವುಗಳ ಹಿತ್ತಿಲಲ್ಲಿ ಸಾಲು ಹಿಡಿದ ತರಕಾರಿ, ಇವೆಲ್ಲದರ ಆಚೆ ರೈಲು ಹಳಿ. ಒಂದು ಅಡಿಗೆ 4 ಮಿಲಿಮೀಟರಿನ ಲೆಕ್ಕದಲ್ಲಿ, ಅಂದರೆ ನಿಜದ 76ರಲ್ಲಿ ಒಂದು ಪಾಲಿಗೆ ಇಳಿದು ಅಲ್ಲಿ ಕೂತಿವೆ.

ಈ ಲೆಕ್ಕ ತಲೆಯಲ್ಲಿ ಕೂತರೆ ಊರು ಬೇರೆಯೇ ಕಾಣತೊಡಗುತ್ತದೆ. ಐದೂವರೆ ಅಡಿ ಆಳು ಇಲ್ಲಿ 22 ಮಿಲಿಮೀಟರ್. ಒಂದು ಮೈಲಿ ದೂರ ಇಲ್ಲಿ 21 ಮೀಟರ್. ಗಂಟೆಗೆ 60 ಮೈಲಿ ಓಡುವ ಎಕ್ಸ್‌ಪ್ರೆಸ್ ಇಲ್ಲಿ ಸೆಕೆಂಡಿಗೆ 35 ಸೆಂಟಿಮೀಟರ್ ಮಾತ್ರ ಸಾಗಬೇಕು. ಮನೆಯಲ್ಲಿ ಮಕ್ಕಳು ಆಟದ ರೈಲನ್ನು ಓಡಿಸುವ ರಭಸಕ್ಕೆ ಹೋಲಿಸಿದರೆ ಇದು ತೆವಳಿದಂತೆ. ಆದರೆ ಆ ಎಕ್ಸ್‌ಪ್ರೆಸ್ ಚಾಕೊಲೇಟ್ ಮತ್ತು ಕೆನೆ ಬಣ್ಣದ ಬೋಗಿಗಳನ್ನು ಎಳೆದುಕೊಂಡು ದಿಬ್ಬದ ಮರೆಯಿಂದ ಹೊರಟು ಬಂದಾಗ ಅದು ಹಗುರವಾಗಿ ಕಾಣಲಿಲ್ಲ, ಭಾರವಾಗಿ ಕಂಡಿತು. ಭಾರದ ಲೆಕ್ಕವಂತೂ ಇನ್ನೂ ಮೋಜಿನದು. ಉದ್ದ 76ರಲ್ಲಿ ಒಂದು ಪಾಲಾದರೆ ತೂಕ 76×76×76ರಲ್ಲಿ ಒಂದು ಪಾಲಾಗುತ್ತದೆ. 80 ಟನ್ನಿನ 'ಕ್ಯಾಸಲ್' ಎಂಜಿನ್ನನ್ನು ನಿಯತ್ತಾಗಿ ಕುಗ್ಗಿಸಿದರೆ 200 ಗ್ರಾಂ ಕೂಡ ತೂಗದು. ಅಷ್ಟು ಹಗುರದ್ದು ಹತ್ತು ಬೋಗಿ ಎಳೆಯಹೋದರೆ ಚಕ್ರ ನಿಂತಲ್ಲೇ ತಿರುಗುತ್ತದೆ. ಅದಕ್ಕೇ ಮಾದರಿ ಕಟ್ಟುವವರು ಬಾಯ್ಲರಿನ ಹೊಟ್ಟೆಯೊಳಗೆ ಸೀಸ ತುಂಬುತ್ತಾರೆ. ಕಣ್ಣಿಗೆ ನಿಜ ಅನ್ನಿಸಲು ಒಳಗೆ ಸ್ವಲ್ಪ ಮೋಸ ಬೇಕು.

ಮೋಸದ ಮಾತು ಬಂತೆಂದು ಹೇಳುತ್ತೇನೆ. ಬ್ರಿಟನ್ನಿನ ಅಂಗಡಿಗಳಲ್ಲಿ ಸಿಗುವ ಬಹುಪಾಲು ಮಾದರಿ ರೈಲುಗಳ ಹಳಿ ಅಗಲ 16.5 ಮಿಲಿಮೀಟರ್. ನಾಲ್ಕು ಅಡಿ ಎಂಟೂವರೆ ಅಂಗುಲದ ನಿಜ ಹಳಿಯನ್ನು ಇದೇ ಅಳತೆಗೆ ಇಳಿಸಿದರೆ 18.83 ಬರಬೇಕಿತ್ತು. ಬ್ರಿಟಿಷ್ ಎಂಜಿನ್ನುಗಳ ಮೈಕಟ್ಟು ಚಿಕ್ಕದು, ಆಗಿನ ಮೋಟರು ದೊಡ್ಡದು. ಮೋಟರು ಹಿಡಿಸಲೆಂದು ಎಂಜಿನ್ನಿನ ಮೈಯನ್ನು ಹಿಗ್ಗಿಸಿದರು, ಹಳಿಯನ್ನು ಇದ್ದಂತೆಯೇ ಬಿಟ್ಟರು. ಅಂದಿನಿಂದ ಇಂದಿನವರೆಗೂ ರೈಲುಗಳೆಲ್ಲ ಕಾಲು ಕೂಡಿಸಿಕೊಂಡೇ ನಡೆಯುತ್ತಿವೆ. ಪೆಂಡನ್‌ನವರು ಇದಕ್ಕೆ ಒಪ್ಪದೆ ಹಳಿಯನ್ನು 18 ಮಿಲಿಮೀಟರಿಗೆ ಅಗಲಿಸಿಕೊಂಡರು. ಒಂದೂವರೆ ಮಿಲಿಮೀಟರಿಗೆ ಇಷ್ಟು ಹಟವೇ ಎಂದು ಕೇಳುವವರು ಎದುರು ಬರುವ ಎಂಜಿನ್ನನ್ನು ಮುಂಭಾಗದಿಂದ ನೋಡಬೇಕು. ಅದು ನಿಂತ ಭಂಗಿಯೇ ಬೇರೆ.

ಈ ಹಟದ ಮೂಲಪುರುಷ ರಾಯ್ ಇಂಗ್ಲೆಂಡ್. ಅಡ್ಡಹೆಸರು ಇಂಗ್ಲೆಂಡ್, ಊರು ಆಸ್ಟ್ರೇಲಿಯಾ! 1925ರಲ್ಲಿ, ಇನ್ನೂ ಮೀಸೆ ಬಲಿಯದ ವಯಸ್ಸಿನಲ್ಲಿ ಹಡಗು ಹತ್ತಿ ಬಂದ. ಗ್ರೇಟ್ ವೆಸ್ಟರ್ನ್ ರೈಲಿನ ಹುಚ್ಚು. ಆ ಕಂಪನಿಯ ಕಾರ್ಖಾನೆಗಳಿದ್ದ ಸ್ವಿಂಡನ್ ಊರಿನ ಪಕ್ಕದ ವಾನ್‌ಬರೋ ಹಳ್ಳಿಯಲ್ಲಿ ಮನೆ ಹಿಡಿದ. ಅದು 'ಬಿಳಿ ಕುದುರೆಯ ಕಣಿವೆ'. ಸುಣ್ಣಕಲ್ಲಿನ ಗುಡ್ಡದ ಮೇಲೆ ಮೂರು ಸಾವಿರ ವರ್ಷಗಳ ಹಿಂದೆ ಯಾರೋ ಗೀರಿದ, ನೂರು ಮೀಟರಿಗೂ ಉದ್ದದ ಕುದುರೆಯಿಂದ ಬಂದ ಹೆಸರು. ರೈಲು ನೋಡಲು ಬಂದವನ ಕಣ್ಣು ಮೆಲ್ಲಗೆ ಮನೆಗಳ ಮೇಲೆ ಹೊರಳಿತು. ಶತಮಾನಗಳಷ್ಟು ಹಳೆಯ ಗುಡಿಸಲುಗಳ ಹುಲ್ಲನ್ನು ಕಿತ್ತು ತಗಡು ಹೊದಿಸುತ್ತಿದ್ದರು, ಕೆಲವನ್ನು ನೆಲಸಮ ಮಾಡುತ್ತಿದ್ದರು. ತಡೆಯುವ ಶಕ್ತಿ ಅವನಿಗಿರಲಿಲ್ಲ. ಅಳೆಯುವ ತಾಳ್ಮೆ ಇತ್ತು. ಗೋಡೆ, ಕಿಟಕಿ, ಹೊಗೆಗೂಡು ಎಲ್ಲವನ್ನೂ ಅಳೆದು, ಫೋಟೊ ತೆಗೆದು, ಬಣ್ಣ ಗುರುತು ಹಾಕಿಕೊಂಡು, ಅವನ್ನೇ ರಟ್ಟಿನಲ್ಲಿ ಮತ್ತೆ ಕಟ್ಟತೊಡಗಿದ. 1954ರ ಹೊತ್ತಿಗೆ ಅದು ಲಾಂಗ್ ವಿಟೆನ್‌ಹಮ್‌ನಲ್ಲಿ ಸಂಗ್ರಹಾಲಯವಾಗಿ ನೆಲೆ ಕಂಡಿತು. 1995ರಲ್ಲಿ ಅವನು ತೀರಿಕೊಂಡ. ಕಣಿವೆಯ ಕೆಲಸ ಸ್ವಯಂಸೇವಕರ ಕೈಯಲ್ಲಿ ಮುಂದುವರಿಯಿತು.

ಅಲ್ಲಿರುವ 'ಪೆಂಡನ್ ಪಾರ್ವಾ' ಎಂಬ ಊರು ಯಾವ ನಕ್ಷೆಯಲ್ಲೂ ಇಲ್ಲ. ಆದರೆ ಅದರೊಳಗಿನ ಮನೆಗಳು ಕಣಿವೆಯ ಬೇರೆ ಬೇರೆ ಹಳ್ಳಿಗಳಲ್ಲಿ ನಿಜವಾಗಿ ಇದ್ದವು. ಒಂದು ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಬಗ್ಗಿದೆ. ದಪ್ಪ ರಟ್ಟಿನ ಮೇಲೆ ಒಂದೊಂದೇ ಇಟ್ಟಿಗೆಯನ್ನು ಗೀರಿ, ಒಂದೊಂದಕ್ಕೂ ಬೇರೆಯಾಗಿ ಜಲವರ್ಣ ಹಚ್ಚಿದ್ದಾರೆ. ಎಲ್ಲವೂ ಕೆಂಪು, ಆದರೆ ಒಂದೂ ಇನ್ನೊಂದರಂತಿಲ್ಲ: ಇದು ಗೂಡಿನಲ್ಲಿ ಹೆಚ್ಚು ಬೆಂದದ್ದು, ಇದು ಹಸಿ, ಇದರ ಮೇಲೆ ಮಳೆನೀರು ಇಳಿದಿದೆ. ಮಾಡಿನ ಹುಲ್ಲು ಅಂಚಿನಲ್ಲಿ ಕಪ್ಪಾಗಿ ಜಗ್ಗಿದೆ. ಬಣ್ಣ ಹೊಳೆಯುವ ಜಾಗ ಇಡೀ ಊರಿನಲ್ಲಿ ಒಂದೂ ಕಾಣಲಿಲ್ಲ. ಬಿಸಿಲಿಗೆ ಮಾಗಿದ ಊರು ಅದು. ನಾನು ಮನಸ್ಸಿನಲ್ಲೇ ನಮ್ಮ ಕಡೆಯ ಮಂಗಳೂರು ಹೆಂಚನ್ನು ಈ ಅಳತೆಗೆ ಇಳಿಸಿ ನೋಡಿದೆ: ಐದು ಮಿಲಿಮೀಟರ್ ಉದ್ದ, ಮೂರು ಅಗಲ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಒತ್ತಲು ಶುರುಮಾಡಿದ ಆ ಹೆಂಚು ಹೊತ್ತ ಎಷ್ಟೋ ಸ್ಟೇಷನ್ನುಗಳ ಮೇಲೆ ಈಗ ಕಾಂಕ್ರೀಟು ಕೂತಿದೆ. ಒಂದನ್ನಾದರೂ ಯಾರಾದರೂ ಟೇಪು ಹಿಡಿದು ಅಳೆದಿಟ್ಟಿದ್ದಾರೆಯೇ?

ಇನ್ನೊಂದು ಕೋಣೆಯಲ್ಲಿ ಡಾರ್ಟ್‌ಮೂರ್ ಬೆಟ್ಟಸೀಮೆಯ ದೃಶ್ಯ. ಅಲ್ಲಿ ಕಣ್ಣು ಸೆಳೆಯುವುದು ಕಂದರದ ಮೇಲಿನ ಮರದ ಸೇತುವೆ. ಎಂಜಿನಿಯರ್ ಬ್ರುನೆಲ್ ಕಾರ್ನ್‌ವಾಲ್ ಮತ್ತು ಡೆವನ್‌ನಲ್ಲಿ ಇಂಥವನ್ನು ಸಾಲಾಗಿ ಕಟ್ಟಿಸಿದ್ದ; ಹಣ ಸಾಲದಿದ್ದ ಕಂಪನಿಗಳಿಗೆ ಕಲ್ಲಿಗಿಂತ ಮರ ಅಗ್ಗ. ಒಂದು ತೊಲೆ ಲಡ್ಡಾದರೆ ಅದೊಂದನ್ನೇ ಬಿಚ್ಚಿ ಬದಲಿಸುವ ಹಾಗೆ ಜೋಡಣೆ. ಫಾಲ್ಮತ್ ಮಾರ್ಗದಲ್ಲಿ ಉಳಿದಿದ್ದ ಕೊನೆಯದನ್ನೂ 1934ರಲ್ಲಿ ಬದಲಿಸಿಬಿಟ್ಟರು. ಹಾಗಾಗಿ ಬ್ರುನೆಲ್‌ನ ಮರದ ಸೇತುವೆಯ ಮೇಲೆ ಉಗಿಬಂಡಿ ಹಾಯುವುದನ್ನು ಈಗ ಕಣ್ಣಾರೆ ನೋಡಬೇಕೆಂದರೆ ಈ ಕೋಣೆಗೇ ಬರಬೇಕು.

ಅಕ್ಕನ ಮಗನಿಗೆ ಇವೆಲ್ಲಕ್ಕಿಂತ ಫೋಟೊ ಮುಖ್ಯ. ದೊಡ್ಡ ಕ್ಯಾಮೆರಾ ಹೆಗಲಿಗೇರಿಸಿಯೇ ಬಂದಿದ್ದ. ಮೇಲಿಂದ ಕೆಳಕ್ಕೆ ತೆಗೆದ ಚಿತ್ರಗಳೆಲ್ಲ ಆಟಿಕೆಯ ಹಾಗೇ ಬಂದವು. ಅಲ್ಲಿದ್ದ ಸ್ವಯಂಸೇವಕರೊಬ್ಬರು, ಬಿಳಿ ಗಡ್ಡದ ಹಿರಿಯರು, ಹತ್ತಿರ ಬಂದು ಹೇಳಿದರು: "ನೀವು ಹೆಲಿಕಾಪ್ಟರಿನಲ್ಲಿ ಕೂತಿದ್ದೀರಿ. ಇಳಿದು ಬನ್ನಿ, ದಾರಿಯಲ್ಲಿ ನಿಲ್ಲಿ." 22 ಮಿಲಿಮೀಟರಿನವನ ಕಣ್ಣು ನೆಲದಿಂದ ಎರಡು ಸೆಂಟಿಮೀಟರಿನಷ್ಟು ಮೇಲಿರುತ್ತದೆ, ಮಸೂರವೂ ಅಷ್ಟು ಕೆಳಗಿಳಿಯಬೇಕು. ಇಳಿದರೆ ಇನ್ನೊಂದು ಫಜೀತಿ. ಅಷ್ಟು ಹತ್ತಿರದಿಂದ ಎಂಜಿನ್ನಿನ ಮೂತಿ ಸ್ಪಷ್ಟವಾದರೆ ಬಾಲ ಮಸುಕು, ಮತ್ತು ಮಸುಕು ಕಂಡ ಕೂಡಲೇ ಕಣ್ಣು ಇದು ಪುಟ್ಟದೆಂದು ಹಿಡಿದುಬಿಡುತ್ತದೆ. ಮಸೂರದ ಕಿಂಡಿಯನ್ನು ಆದಷ್ಟು ಕಿರಿದು ಮಾಡಿದರೆ ದೂರ ಹತ್ತಿರ ಎರಡೂ ನಿಚ್ಚಳ. ಆದರೆ ಬೆಳಕು ಸಾಲದು, ಓಡುವ ರೈಲು ಅಳಿಸಿದಂತೆ ಬರುತ್ತದೆ. ನಿಂತ ರೈಲಾದರೆ ಒಂದೊಂದು ಸಲ ಒಂದೊಂದು ದೂರಕ್ಕೆ ಫೋಕಸ್ ಮಾಡಿ ಹಲವು ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ಹೆಣೆಯಬಹುದು. ಕೊನೆಗೆ ಗೆದ್ದದ್ದು ನನ್ನ ಮೊಬೈಲು. ಅದರ ಸಾಸಿವೆಗಾತ್ರದ ಮಸೂರಕ್ಕೆ ಮಸುಕು ಮಾಡುವ ಚೈತನ್ಯವೇ ಕಡಿಮೆ. ತಲೆಕೆಳಗು ಹಿಡಿದರೆ ಕಣ್ಣು ನೆಲದ ಹತ್ತಿರಕ್ಕೂ ಬರುತ್ತದೆ.

ಈ ವಿದ್ಯೆ ಹಳೆಯದು. ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಜಾನ್ ಅಲೆನ್ ಎಂಬ ವೃತ್ತಿಪರ ಛಾಯಾಗ್ರಾಹಕ ತನ್ನ ಮನೆಯಲ್ಲಿ ಬೆಟ್ಟ ಕಣಿವೆಗಳ ರೈಲುಲೋಕವನ್ನೇ ಕಟ್ಟಿದ್ದ. ಸೂಜಿಮೊನೆಯಷ್ಟು ಕಿಂಡಿಯಿಂದ ಅವನು ತೆಗೆದ ಚಿತ್ರಗಳಿಂದಲೇ ಜಗತ್ತಿಗೆ ಅದರ ಪರಿಚಯ. 1973ರ ಜನವರಿಯಲ್ಲಿ ಅವನು ಸತ್ತ ಹತ್ತೇ ದಿನಕ್ಕೆ ಮನೆಗೆ ಬೆಂಕಿ ಬಿದ್ದು ಎಲ್ಲ ಹಾಳಾಯಿತು. ಉಳಿದದ್ದು ಫೋಟೊ. ಅವನಿಗೂ ಮೊದಲು ಲಂಡನ್ನಿನ ಜಾನ್ ಅಹರ್ನ್ ಇದ್ದ, ವಿಮೆ ವ್ಯವಹಾರದವನು. ಉಳಿದವರು ಬೋಳು ಹಲಗೆಯ ಮೇಲೆ ಹಳಿ ಸುತ್ತಿಸಿ ತೃಪ್ತಿಪಡುತ್ತಿದ್ದ 1930ರ ದಶಕದಲ್ಲಿ ಅವನು ರೈಲಿಗೊಂದು ಊರು, ಊರಿಗೊಂದು ಬಂದರು ಕೊಟ್ಟ. ಅವನ 'ಮ್ಯಾಡರ್ ವ್ಯಾಲಿ' ಕಾಲ್ಪನಿಕ ಕಣಿವೆ, ರೈಲುಗಳೂ ಹತ್ತು ಕಡೆಯಿಂದ ಹೆಕ್ಕಿ ತಂದವು. 1961ರಲ್ಲಿ ಅವನು ತೀರಿಕೊಂಡ ಮೇಲೆ ಆ ಇಡೀ ಲೇಔಟ್ ಪೆಂಡನ್‌ಗೇ ಬಂತು. ಅಳತೆಯ ಶಿಸ್ತಿನಲ್ಲಿ ಅದು ಪೆಂಡನ್ ಪಾರ್ವಾದ ಹತ್ತಿರಕ್ಕೂ ಸುಳಿಯದು. ನನಗೇನೋ ಅದರ ಓರೆಕೋರೆ ಅಂಗಡಿಸಾಲಿನ ಮೇಲೆ ಜೀವ ಹೆಚ್ಚು. ತಪ್ಪು ಮಾಡಲು ಹೆದರದ ಕೈ ಅದು.

ಕಟಕಟೆಯ ಹತ್ತಿರ ಒಬ್ಬ ಹುಡುಗ ಗಡ್ಡದ ಹಿರಿಯರನ್ನು ಹಿಡಿದು ನಿಲ್ಲಿಸಿದ್ದ. "ಉಗಿ ಎಂಜಿನ್ ಅಂತೀರಿ, ಹೊಗೆ ಎಲ್ಲಿ?" ಹಿರಿಯರು ಕುಕ್ಕರುಗಾಲಲ್ಲಿ ಕೂತು ಹೇಳಿದರು: ಮನೆಯನ್ನು ಕುಗ್ಗಿಸಬಹುದು, ಬೆಂಕಿ ನೀರುಗಳನ್ನು ಕುಗ್ಗಿಸಲಾಗದು. ಕೊಳವೆಯೊಳಗೆ ಎಣ್ಣೆ ಹನಿಸಿ ಬಿಸಿ ಮಾಡಿ ಹೊಗೆ ಬರಿಸುವ ಯಂತ್ರ ಸಿಗುತ್ತದೆ, ಆದರೆ ಬರುವುದು ಊದುಬತ್ತಿಯ ಎಳೆ. ಬೆಳಗ್ಗೆ ಡಿಡ್‌ಕಟ್‌ನಲ್ಲಿ ಕಂಡ ಬಿಳಿ ಮೋಡದ ಉರುಳುವಿಕೆ ಅದಕ್ಕೆಲ್ಲಿಂದ ಬರಬೇಕು? ನೀರಿನದೂ ಅದೇ ಪಾಡು: ಒಂದು ಹನಿ ಬಿಟ್ಟರೆ ಅದು ಈ ಊರಿನವರ ಮೊಣಕಾಲೆತ್ತರದ ಗುಂಡು. ಆದ್ದರಿಂದ ಮಾದರಿ ಊರುಗಳ ಕೆರೆಗಳೆಲ್ಲ ವಾರ್ನಿಶಿನವು. ಹುಡುಗ ಒಪ್ಪಲಿಲ್ಲ. "ಹಾಗಾದರೆ ಅದು ಓಡೋದು ಕರೆಂಟಿನಲ್ಲಿ." ಹಿರಿಯರು ಆಚೀಚೆ ನೋಡಿ, "ಜೋರಾಗಿ ಹೇಳಬೇಡ, ಡ್ರೈವರಿಗೆ ಗೊತ್ತಿಲ್ಲ" ಎಂದರು.

ಸಂಜೆ ರೆಡಿಂಗ್ ಮನೆಯಲ್ಲಿ ಅಕ್ಕನ ಮಗ ಒಂದು ಫೋಟೊವನ್ನು, ವಿವರ ಏನೂ ಬರೆಯದೆ, ಶಿವಮೊಗ್ಗದಲ್ಲಿರುವ ಅವನಮ್ಮನಿಗೆ ಕಳಿಸಿದ. ಹುಲ್ಲಿನ ಮನೆ, ಬೇಲಿ, ಹಿಂದೆ ದಿಬ್ಬ; ಮೊಬೈಲನ್ನು ತಲೆಕೆಳಗು ಹಿಡಿದು ತೆಗೆದದ್ದು. ಅಲ್ಲಿ ಆಗಲೇ ನಡುರಾತ್ರಿ ಸಮೀಪಿಸಿದ್ದರೂ ಅಕ್ಕ ಕೂಡಲೇ ಫೋನ್ ಮಾಡಿದಳು. "ಈಗಿರೋ ಫ್ಲ್ಯಾಟಿಗಿಂತ ಇದೇ ವಾಸಿ ಕಣೋ, ಹಿತ್ತಿಲಲ್ಲಿ ಸೊಪ್ಪಾದರೂ ಬೆಳೀಬಹುದು. ಬಾಡಿಗೆ ಎಷ್ಟು ಹೇಳ್ತಾರೆ, ವಿಚಾರಿಸಿದ್ಯಾ?"