ಅಕಾರ್ಡಿಯನ್ ಕಾಯಬೇಕು

ಸರಾಯೆವೊದ ಹಳೇ ಪೇಟೆಯ ಅಂಗಳವೊಂದರಲ್ಲಿ ಈಚೆಗೆ ಸೆವ್ದಾಲಿಂಕಾ ಎಂಬ ಬೋಸ್ನಿಯಾದ ಪಟ್ಟಣದ ಹಾಡುಗಳ ಕಚೇರಿ ಕೇಳಿದೆ. ಹಾಡಿದಾಕೆಯ ಕಂಠ ಚೆನ್ನಾಗಿತ್ತು, ಹಾಡುಗಳ ಆಯ್ಕೆ ಇನ್ನೂ ಚೆನ್ನಾಗಿತ್ತು, ಮೈಕಿನ ಸದ್ದು ಹದವಾಗಿತ್ತು. ಆದರೂ ಅರ್ಧ ಕಚೇರಿ ಮುಗಿಯುವ ಹೊತ್ತಿಗೆ ನನಗೆ ರೇಗಿಹೋಗಿತ್ತು. ಕಾರಣ ಅಕಾರ್ಡಿಯನ್ ನುಡಿಸುತ್ತಿದ್ದ ತರುಣ. ಆಕೆ ಒಂದು ಸಾಲನ್ನು ಎಳೆದು, ಕೊನೆಯ ಸ್ವರವನ್ನು ತುಸು ನಡುಗಿಸಿ, ಸಣ್ಣದು ಮಾಡಿ ಬಿಟ್ಟಳೋ ಇಲ್ಲವೋ, ಈತನ ಬೆರಳುಗಳು ಬಿಳಿ-ಕಪ್ಪು ಮನೆಗಳ ಮೇಲೆ ಓಡತೊಡಗುತ್ತಿದ್ದವು. ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ. ಕೈ ಬಹಳ ಚುರುಕು, ತಾಲೀಮೂ ಗಟ್ಟಿ. ಆ ಚುರುಕೇ ಹಾಡನ್ನು ಕೆಡಿಸುತ್ತಿತ್ತು.

ಸೆವ್ದಾಲಿಂಕಾದಲ್ಲಿ ನಿಧಾನದ, ತಾಳದ ಕಟ್ಟಿಲ್ಲದ ಹಾಡುಗಳಿಗೆ ಬೋಸ್ನಿಯಾದವರು ರಾವ್ನಾ ಎನ್ನುತ್ತಾರೆ. ಅದರಲ್ಲಿ ಸಾಲು ಎಷ್ಟು ಹೊತ್ತು ಇರಬೇಕು ಎಂಬುದು ಹಾಡುವವರ ಉಸಿರಿಗೆ ಬಿಟ್ಟದ್ದು. ಸಾಲು ಮುಗಿದ ಮೇಲೆ ಎಷ್ಟು ಹೊತ್ತು ಸುಮ್ಮನಿರಬೇಕು ಎಂಬುದೂ ಅವರಿಗೇ ಬಿಟ್ಟದ್ದು. ಈ ಹಾಡುಗಳು ಬೆಳೆದದ್ದು ಆಟೊಮನ್ ಕಾಲದ ಪಟ್ಟಣಗಳ ಮನೆಗಳಲ್ಲಿ. ಎತ್ತರದ ಗೋಡೆಯ ಅಂಗಳ, ಕಿಟಕಿಗೆ ಮರದ ಜಾಲರಿ, ಒಳಗೆ ಕಸೂತಿ ಹಾಕುತ್ತ ತನಗೆ ತಾನೇ ಹಾಡಿಕೊಳ್ಳುವ ಹೆಣ್ಣು. ಪಕ್ಕವಾದ್ಯ ಇಲ್ಲ, ಸಭೆಯೂ ಇಲ್ಲ. ಸಾಲಿನ ಕೊನೆಗೆ ಆಕೆ ಸುಮ್ಮನಾದರೆ ಅದನ್ನು ತುಂಬಲು ಯಾರೂ ಇರಲಿಲ್ಲ. ಆ ಸುಮ್ಮನಿರುವಿಕೆಯೂ ಹಾಡಿನ ಒಳಗಿನದೇ. ಹಾಡು ಮುಂದೆ ಗಂಡಸರ ಕೂಟಕ್ಕೆ ಬಂತು, ಕಾಫಿ ಅಂಗಡಿಗೆ ಬಂತು, 1945ರ ನಂತರ ರೇಡಿಯೋ ಸರಾಯೆವೊದ ಸ್ಟುಡಿಯೋಗೆ ಬಂತು, ಈಗ ದೀಪದ ವೇದಿಕೆ ಹತ್ತಿದೆ. ಎಲ್ಲಿ ಹೋದರೂ ಆ ಬಿಡುವು ಜೊತೆಗೆ ಹೋಗಬೇಕು. ಹೋಗದಿದ್ದರೆ ಮಾತು, ಮಟ್ಟು ಎರಡೂ ಉಳಿದು ಹಾಡು ಸತ್ತಿರುತ್ತದೆ.

ಒಳ್ಳೆಯ ಅಕಾರ್ಡಿಯನ್‌ಕಾರನನ್ನು ನಾನು ಗುರುತಿಸುವ ಬಗೆ ಒಂದಿದೆ. ಅವನ ಬಲಗೈ ನೋಡುವುದಿಲ್ಲ. ಬಲಗೈಯನ್ನು ಎಲ್ಲರೂ ನೋಡುತ್ತಾರೆ. ಎಡಗೈ ಹೆಬ್ಬೆರಳಿನ ಹತ್ತಿರ ಒಂದು ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಗಾಳಿ ರೀಡುಗಳ ಮೂಲಕ ಹಾಯದೆ ನೇರವಾಗಿ ತಿದಿಯೊಳಗೆ ಬಂದು ಹೋಗುತ್ತದೆ, ಸ್ವರ ಹೊರಡುವುದಿಲ್ಲ. ಹಾಡುಗಾರ್ತಿ ಸಾಲು ಮುಗಿಸಿ ಸುಮ್ಮನಿದ್ದಾಗ ಬಲ್ಲವನು ಈ ಗುಂಡಿ ಒತ್ತಿ ತಿದಿಯನ್ನು ಮೆಲ್ಲಗೆ ಬಿಡಿಸಿಕೊಳ್ಳುತ್ತಾನೆ. ಮುಂದಿನ ಸಾಲಿಗೆ ಬೇಕಾದಷ್ಟು ಗಾಳಿ ಕೂಡಿಸಿಟ್ಟು ಕಾಯುತ್ತಾನೆ. ಸಣ್ಣ ಜಾಗವಾದರೆ ಆ ಗಾಳಿಯ ಸುಯ್ ಎಂಬ ಸದ್ದು ಕೇಳಿಸುತ್ತದೆ. ಅದೇ ಗಳಿಗೆಯಲ್ಲಿ ಆಕೆಯೂ ಉಸಿರು ತುಂಬಿಕೊಳ್ಳುತ್ತಿರುತ್ತಾಳೆ. ಇಬ್ಬರ ಉಸಿರೂ ಒಟ್ಟಿಗೆ ತುಂಬಿ, ಆಕೆ ಬಾಯಿ ತೆರೆದ ಮೇಲೆ, ಒಂದು ಕೂದಲೆಳೆಯಷ್ಟು ಹಿಂದೆ, ಅವನ ಸ್ವರ ಹೊರಡುತ್ತದೆ. ಇದಕ್ಕಿಂತ ದೊಡ್ಡ ಸುಖವನ್ನು ನಾನು ಯಾವ ಕಚೇರಿಯಲ್ಲೂ ಕಂಡಿಲ್ಲ. ಮೊನ್ನೆಯ ತರುಣನ ಹೆಬ್ಬೆರಳು ಆ ಗುಂಡಿಯ ಕಡೆಗೆ ಸುಳಿಯಲೇ ಇಲ್ಲ.

ಹಾಡುವವರನ್ನು ಹೀಗೆ ಕಾದು ಹಿಂಬಾಲಿಸಿ ನುಡಿಸುವುದಕ್ಕೆ ಧಾರವಾಡದ ಕಡೆ ಸಾಥ್ ಎನ್ನುತ್ತಾರೆ. ವಸಂತ ಕನಕಾಪುರರ ಹಾರ್ಮೋನಿಯಂ ಸಾಥ್ ಕೇಳಿ ಬೆಳೆದವರಿಗೆ ಹಿಂಬಾಲಿಸುವುದು ಎಷ್ಟು ದೊಡ್ಡ ವಿದ್ಯೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಹಾರ್ಮೋನಿಯಮ್ಮೂ ಅಕಾರ್ಡಿಯನ್ನೂ ದಾಯಾದಿಗಳೇ: ಎರಡಕ್ಕೂ ತಿದಿ, ಎರಡಕ್ಕೂ ಲೋಹದ ರೀಡು. ಎರಡರ ಮೇಲೂ ಒಂದೇ ದೂರು: ಹೊರಗಿನದು, ಸ್ವರಗಳನ್ನು ಬಾಗಿಸಲು ಬರುವುದಿಲ್ಲ. ನಮ್ಮ ಆಕಾಶವಾಣಿ ಈ ದೂರನ್ನು ನಂಬಿ 1940ರಲ್ಲಿ ಹಾರ್ಮೋನಿಯಂ ಅನ್ನು ಹೊರಗಿಟ್ಟು 1971ರವರೆಗೆ ಬಾಗಿಲು ಹಾಕಿಕೊಂಡಿತ್ತು. ಬೋಸ್ನಿಯಾದಲ್ಲೂ ಅಂಥವರಿದ್ದಾರೆ. ಅಕಾರ್ಡಿಯನ್ ಬಂದದ್ದು 1878ರ ನಂತರ, ಆಸ್ಟ್ರಿಯಾ-ಹಂಗೆರಿಯವರ ಆಳ್ವಿಕೆಯ ಬೆನ್ನಿಗೆ. ಆದ್ದರಿಂದ ಉದ್ದ ಕತ್ತಿನ, ದಾರ ಕಟ್ಟಿದ ಮೆಟ್ಟಿಲುಗಳ ಸಾಜ್ ಒಂದೇ ಅಸಲಿ ವಾದ್ಯ ಎಂಬುದು ಅವರ ವಾದ. ಕಚೇರಿ ಮುಗಿದು ಕಾಫಿಗೆ ಕೂತಾಗ ಇಂಥವರೊಬ್ಬರು ಸಿಕ್ಕೇ ಸಿಗುತ್ತಾರೆ. ಹಿಡಿಯಿಲ್ಲದ ಪುಟ್ಟ ಬಟ್ಟಲಿನ ಕಾಫಿ ಆರಿಹೋದರೂ ಅವರ ಮಾತು ಮುಗಿಯುವುದಿಲ್ಲ.

ಸಾಜ್ ನನಗೂ ಪ್ರಾಣ. ಆದರೆ ಅಸಲಿ-ನಕಲಿಯ ಈ ಲೆಕ್ಕ ಕೇಳಿದರೆ ಮೈ ಉರಿಯುತ್ತದೆ. ಮೊಸ್ತಾರಿನ ಹೆಮ್ಮೆಯ ಹಾಡು ‘ಎಮಿನಾ’. ಇಮಾಮರ ಮಗಳ ಚೆಲುವನ್ನು ಕುರಿತ ಆ ಪದ್ಯ ಬರೆದವರು ಅಲೆಕ್ಸಾ ಶಾಂತಿಚ್, ಅದೇ ಊರಿನ ಸೆರ್ಬ್ ಕವಿ. ಸುಲ್ತಾನನ ಮಗಳನ್ನು ಕಾರಂಜಿಯ ಬಳಿ ನೋಡಿ ಬಾಡಿಹೋಗುವ ದಾಸನ ಹಾಡು ಬೋಸ್ನಿಯಾದ ಹಳ್ಳಿಯಲ್ಲೇ ಹುಟ್ಟಿತೆಂದು ನಂಬಿ ಕಣ್ಣೀರಿಡುವವರನ್ನು ನೋಡಿದ್ದೇನೆ. ಮೂಲ ಜರ್ಮನ್ ಕವಿ ಹೈನನ ಪದ್ಯ. ಸರಾಯೆವೊದವರೆಲ್ಲ ಸೇರಿ ಹಾಡುವ ಬೆಂಬಾಶಾದ ಹಾಡಿನ ಮಟ್ಟನ್ನು, 1492ರಲ್ಲಿ ಸ್ಪೇನ್‌ನಿಂದ ಹೊರದೂಡಿಸಿಕೊಂಡ ಯೆಹೂದಿಗಳ ವಂಶದವರ ಪ್ರಾರ್ಥನೆಯ ಮಟ್ಟಿನ ಜೊತೆ ಇಟ್ಟು ನೋಡುವವರಿದ್ದಾರೆ. ಇಷ್ಟು ಕಡೆಯಿಂದ ತುಂಬಿಕೊಂಡ ಹಾಡಿಗೆ ಒಂದು ಅಕಾರ್ಡಿಯನ್ ಭಾರವಾಗುತ್ತದೆಯೇ? ವಾದ್ಯದ ಕುಲ ಕೇಳಬೇಡಿ. ನುಡಿಸುವವನಿಗೆ ಕಾಯಲು ಬರುತ್ತದೆಯೇ ಎಂದು ಕೇಳಿ. ಸಾಜ್ ಹಿಡಿದು ಬಿಡುವೆಲ್ಲ ಮೀಟಿ ತುಂಬುವವರನ್ನೂ ಕೇಳಿದ್ದೇನೆ. ಅವರೂ ಅಷ್ಟೇ ಹಾಡು ಕೆಡಿಸುತ್ತಾರೆ.

ಕರ್ನಾಟಕ ಸಂಗೀತ ಕಲಿತ ಕಿವಿಗೆ ಈ ಹಾಡುಗಳಲ್ಲಿ ಒಂದು ಗುರುತು ಬೇಗ ಸಿಗುತ್ತದೆ. ಅನೇಕ ಸೆವ್ದಾಲಿಂಕಾಗಳು ಹಿಜಾಜ್ ಎಂಬ ಮಕಾಮ್‌ನ ಛಾಯೆಯವು. ಅದರ ಕೆಳಗಿನ ನಾಲ್ಕು ಸ್ವರ ನಮ್ಮ ಮಾಯಾಮಾಳವಗೌಳದವೇ: ಶುದ್ಧ ರಿಷಭ, ಅಲ್ಲಿಂದ ಒಮ್ಮೆಗೆ ಅಂತರ ಗಾಂಧಾರಕ್ಕೆ ಜಿಗಿತ. ಸರಳೆ ವರಸೆಯಲ್ಲಿ ದಿನಾ ದಾಟಿದ ಕಂದಕ ಅದು. ಆದರೆ ನಾವು ಅದನ್ನು ದಾಟುವ ರೀತಿ ಬೇರೆ, ಅವರದು ಬೇರೆ. ನಾವು ಗಮಕದಲ್ಲಿ ತೂಗಿ ದಾಟುತ್ತೇವೆ. ಅವರು ರಿಷಭದ ಮೇಲೆ ತಡೆದು ನಿಂತು, ಅದನ್ನು ಸಣ್ಣ ಸಣ್ಣ ತಿರುವುಗಳಲ್ಲಿ ಸುತ್ತಿ, ಇನ್ನು ದಾಟುವುದೇ ಇಲ್ಲವೇನೋ ಎನ್ನಿಸುವ ಹೊತ್ತಿಗೆ ಗಾಂಧಾರವನ್ನು ಮುಟ್ಟುತ್ತಾರೆ. ಎಷ್ಟೋ ಹಾಡುಗಳು ಕಿವಿ ಬಯಸುವ ನೆಲೆಗೆ ಬಂದು ಕೂರದೆಯೇ ಮುಗಿದುಬಿಡುತ್ತವೆ. ಅಲ್ಲೇ ಅವಸರದ ವಾದ್ಯಗಾರ ಒಂದು ದಪ್ಪ ಕಾರ್ಡ್ ಒತ್ತಿ ಬಾಗಿಲು ಮುಚ್ಚುತ್ತಾನೆ. ಹಾಡು ಬೇಕೆಂದೇ ತೆರೆದಿಟ್ಟದ್ದನ್ನು ಮುಚ್ಚಲು ಇವನು ಯಾರು?

ಈ ಕೋಪವೆಲ್ಲ ಇಳಿಯಬೇಕಾದರೆ ನಾನು ಹಿಮ್ಜೊ ಪೊಲೊವಿನಾ ಅವರ ಧ್ವನಿಮುದ್ರಿಕೆಗೆ ಮರಳುತ್ತೇನೆ. 1927ರಲ್ಲಿ ಮೊಸ್ತಾರಿನಲ್ಲಿ ಹುಟ್ಟಿದವರು, 1986ರಲ್ಲಿ ತೀರಿಕೊಂಡರು. ವೃತ್ತಿಯಿಂದ ನರರೋಗ ಮತ್ತು ಮನೋರೋಗಗಳ ವೈದ್ಯರು. ಮರೆತುಹೋಗುತ್ತಿದ್ದ ಹಾಡುಗಳನ್ನು ಹುಡುಕಿ ಕಲೆಹಾಕಿದವರು. ಇನ್ನೊಬ್ಬರು ಮಾತು ಮುಗಿಸುವವರೆಗೆ ಸುಮ್ಮನಿದ್ದು ಕೇಳುವುದೇ ಮನೋವೈದ್ಯರ ಕಸುಬು. ಅವರ ಹಾಡಿಗೂ ಅದು ಇಳಿದಿದೆ ಎಂದು ನಾನು ಖಂಡಿತವಾಗಿ ನಂಬುತ್ತೇನೆ. ದನಿಯನ್ನು ಎಲ್ಲೂ ತೋರಿಸಿಕೊಳ್ಳುವುದಿಲ್ಲ, ಒಂದು ಪದವನ್ನೂ ನುಂಗುವುದಿಲ್ಲ. ಅವರು ಹಾಡಿದ ‘ಎಮಿನಾ’ದ ಕೊನೆಯಲ್ಲಿ ಶಾಂತಿಚ್ ಬರೆಯದ ಒಂದು ನುಡಿ ಇದೆ. ಕವಿಯೂ ಹೋದ, ಎಮಿನಾಳೂ ಹೋದಳು ಎಂಬ ಸುದ್ದಿಯನ್ನು ಅದು ಹೇಳುತ್ತದೆ. ಹದಿಹರೆಯದ ಹುಡುಗಿಯನ್ನು ಹೊಗಳುವ ಪದ್ಯಕ್ಕೆ ಸಾವನ್ನು ತಂದು ಸೇರಿಸಿದ್ದು ಸರಿಯಲ್ಲ ಎನ್ನುವವರಿದ್ದಾರೆ. ನನಗೆ ಆ ನುಡಿ ಬೇಕು. ಅದನ್ನು ಹಾಡುವ ಮುನ್ನ ಹಿಮ್ಮೇಳ ಎಷ್ಟು ತಗ್ಗಿ ನಿಲ್ಲುತ್ತದೆಂಬುದನ್ನು ಇಂದಿನ ತರುಣರು ಕಿವಿಗೊಟ್ಟು ಕೇಳಬೇಕು.

ಬೋಸ್ನಿಯಾದ ಸೆವ್ದಾಲಿಂಕಾವನ್ನು 2024ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು. ಸಂತೋಷ. ಆದರೆ ಹಾಡನ್ನು ಉಳಿಸುವುದು ಹಾಡುವವರು. ಆಮಿರಾ ಮೆದುನ್ಯಾನಿನ್ ಇಂದಿಗೂ ಒಂದು ಸಾಲಿನ ಕೊನೆಗೆ ಧೈರ್ಯವಾಗಿ ಸುಮ್ಮನಾಗುತ್ತಾರೆ. ರೇಡಿಯೋ ಕಾಲದ ದಿಗ್ಗಜ ಜಾಯಿಮ್ ಇಮಾಮೊವಿಚ್ ಅವರ ಮೊಮ್ಮಗ ದಾಮಿರ್ ಇಮಾಮೊವಿಚ್ ತಂಬೂರ್ ಹಿಡಿದು ತಾವೇ ಹಾಡುತ್ತಾರೆ. ಹಾಡುವವರೂ ನುಡಿಸುವವರೂ ಒಬ್ಬರೇ ಆದ್ದರಿಂದ ಬಿಡುವನ್ನು ಕಸಿದುಕೊಳ್ಳುವವರು ಅಲ್ಲಿಲ್ಲ.

ಹೊಸದಾಗಿ ಕೇಳುವವರು ಪೊಲೊವಿನಾರಿಂದ ಶುರುಮಾಡಿ, ಆಮೇಲೆ ಈ ಇಬ್ಬರ ಕಡೆಗೆ ಬನ್ನಿ. ಅಡಿಗೆ ಮಾಡುತ್ತಲೋ ಕಾರು ಓಡಿಸುತ್ತಲೋ ಕೇಳಬೇಡಿ, ಬಿಡುವುಗಳೆಲ್ಲ ಗದ್ದಲದಲ್ಲಿ ಕಳೆದುಹೋಗುತ್ತವೆ. ನೇರ ಕಚೇರಿ ಕೇಳುವ ಅವಕಾಶ ಸಿಕ್ಕರೆ ದುಡ್ಡು ಹೆಚ್ಚಾದರೂ ಮುಂದಿನ ಸಾಲಿನ ಟಿಕೆಟ್ಟನ್ನೇ ತೆಗೆದುಕೊಳ್ಳಿ. ವೇದಿಕೆಗೆ ಮುಖಮಾಡಿ ನಿಂತಾಗ ನಿಮ್ಮ ಬಲಗಡೆಯ ಕುರ್ಚಿ ಹಿಡಿಯಿರಿ. ಅಕಾರ್ಡಿಯನ್‌ಕಾರನ ಎಡಗೈ ಅಲ್ಲಿಂದಲೇ ಚೆನ್ನಾಗಿ ಕಾಣುವುದು.