ದೂರವಾಣಿಯ ವಾನಪ್ರಸ್ಥ

ನಮ್ಮ ಹಿತ್ತಲಿನ ಕೊಟ್ಟಿಗೆಯಲ್ಲಿ ಈಗ ಹಸುಗಳಿಲ್ಲ. ಪಾಠಶಾಲೆಯಿಂದ ನಿವೃತ್ತನಾದ ಮೇಲೆ ಅಲ್ಲಿ ಒಂದು ಗಟ್ಟಿಮೇಜನ್ನು ಹಾಕಿಸಿಕೊಂಡು ಉಳಿ, ಗರಗಸ, ಹತ್ತರಿಗಳ ಸಹವಾಸದಲ್ಲಿದ್ದೇನೆ. ಮೂವತ್ತು ವರ್ಷ ಮಕ್ಕಳಿಗೆ ಸಂಧಿ ಬಿಡಿಸುವುದನ್ನು ಕಲಿಸಿದವನಿಗೆ ಮುರಿದ ಮಣೆಯ ಸಂದು ಕೂಡಿಸುವ ಕೆಲಸವು ಅಷ್ಟೇನೂ ಪರಕೀಯವೆನಿಸಲಿಲ್ಲ. ಕೊರತೆಯಾಗಿದ್ದುದು ಸಂಗೀತವೊಂದೇ.

ಕಳೆದ ವರ್ಷ ಮಗನು ನನಗೆ ಹೊಸ ಮೊಬೈಲನ್ನು ತಂದುಕೊಟ್ಟು, "ಅಪ್ಪ, ಹಳೆಯದನ್ನು ಕೊಟ್ಟುಬಿಡೋಣ, ನಾಲ್ಕು ಕಾಸಾದರೂ ಬಂದೀತು" ಎಂದನು. ಕೈಕಾಲು ಗಟ್ಟಿಯಾಗಿರುವಾಗಲೇ ವಯಸ್ಸಿನ ಕಾರಣದಿಂದ ಬಿಡುಗಡೆ ಹೊಂದಿದ ನನಗೆ ಈ ಮಾತು ರುಚಿಸಲಿಲ್ಲ. ಗಾಜಿನ ಒಂದು ಮೂಲೆ ಬಿರಿದಿದ್ದುದು ನಿಜ. ಧ್ವನಿಯು ಮಾತ್ರ ಸ್ವಚ್ಛವಾಗಿದ್ದಿತು. ಜೀರ್ಣೋದ್ಧಾರವೂ ಪುಣ್ಯಕಾರ್ಯವೇ ಅಲ್ಲವೆ? ಅದನ್ನು ಕೊಟ್ಟಿಗೆಯ ವಿದ್ವಾಂಸನನ್ನಾಗಿ ನೇಮಿಸಲು ನಿಶ್ಚಯಿಸಿದೆನು.

ದೀಕ್ಷೆಯು ಸಾಂಗವಾಗಿ ನಡೆಯಿತು. ಚಿತ್ರಗಳನ್ನೂ ವಿಳಾಸಗಳನ್ನೂ ಹೊಸದಕ್ಕೆ ಸಾಗಿಸಿ, ಹಳೆಯದರಲ್ಲಿದ್ದ ಬ್ಯಾಂಕಿನ ವ್ಯವಹಾರ ಮೊದಲಾದುವನ್ನೆಲ್ಲ ಪೂರ್ತಿಯಾಗಿ ಅಳಿಸಿದೆವು. ಸಿಮ್ ಕಾರ್ಡನ್ನು ತೆಗೆದು, ಏರೋಪ್ಲೇನ್ ಮೋಡಿನಲ್ಲಿಟ್ಟೆವು. ಇಲ್ಲವಾದರೆ ಈ ಯಂತ್ರವು ಗೋಪುರವನ್ನು ಸದಾ ಹುಡುಕುತ್ತ ತನ್ನ ಶಕ್ತಿಯನ್ನು ವ್ಯರ್ಥವಾಗಿ ಕಳೆದುಕೊಳ್ಳುತ್ತದೆ. ಹಾಡುಗಳನ್ನು ಮೆಮೊರಿ ಕಾರ್ಡಿನಲ್ಲಿ ತುಂಬಿ, ೩.೫ ಮಿಲಿಮೀಟರಿನ ರಂಧ್ರದಿಂದ ಹಳೆಯ ಸ್ಪೀಕರಿಗೆ ತಂತಿಯನ್ನು ಕೊಟ್ಟೆವು. ಕರೆಗಳ ಸಂಸಾರವನ್ನು ತೊರೆದು ನಾದೋಪಾಸನೆಯಲ್ಲಿ ನಿಂತ ಅದಕ್ಕೆ ವಾನಪ್ರಸ್ಥವು ಲಭಿಸಿತು. ಕಿವಿಗೆ ಸಿಕ್ಕಿಸುವ ಸಾಧನವನ್ನು ನಾನು ಒಪ್ಪಲಿಲ್ಲ. ಗರಗಸವು ಗೆರೆ ತಪ್ಪಿದರೆ ಅದರ ಸದ್ದೇ ಹೇಳುತ್ತದೆ; ಅದನ್ನು ಕೇಳದವನು ಬೆರಳಿಗೂ ಜವಾಬ್ದಾರನಲ್ಲ.

೧೯೩೫ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದರು. ಆ ನಿಲಯಕ್ಕೆ ಆಕಾಶವಾಣಿಯೆಂಬ ಹೆಸರಾಯಿತು. ಅಂದು ಒಂದು ಮನೆಯಿಂದ ಆಕಾಶಕ್ಕೇರಿದ ನಾದವು ಇಂದು ಅಂಗೈಯಗಲದ ಪೆಟ್ಟಿಗೆಯಲ್ಲಿ ನನ್ನ ಕೊಟ್ಟಿಗೆಗೆ ಬಂದಿತಲ್ಲ ಎಂದು ಹಿಗ್ಗಿದೆನು.

ಹಿಗ್ಗು ಹೆಚ್ಚಾದಲ್ಲಿ ಎಚ್ಚರವು ಕಡಮೆಯಾಗುತ್ತದೆ. ಪದೇ ಪದೇ ಚಾರ್ಜು ಮಾಡುವ ತೊಡಕು ಬೇಡವೆಂದು ತಂತಿಯನ್ನು ಹಗಲಿರುಳೂ ಸಿಕ್ಕಿಸಿಯೇ ಬಿಟ್ಟಿದ್ದೆನು. ಹಾಗೆ ಮಾಡಬಾರದೆಂದು ಮಗನು ಎರಡು ಸಲ ಹೇಳಿದನು. ಗುರುವಿಗೆ ಶಿಷ್ಯೋಪದೇಶವೆ ಎಂದು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಒಂದು ಮಧ್ಯಾಹ್ನ ಕಾಫಿ ತಂದ ಸೊಸೆಯು, "ಮಾವ, ಇದರ ಬೆನ್ನು ಉಬ್ಬಿದೆಯಲ್ಲ!" ಎಂದಳು. ನೋಡಿದೆನು. ಹಿಂಬದಿಯ ಮುಚ್ಚಳವು ಮೇಲೆದ್ದಿದ್ದಿತು. ಅದರ ಕೆಳಗೆ ಮರದ ಹೊಟ್ಟು; ಪಕ್ಕದಲ್ಲಿ ಹತ್ತರಿ ಹೊಡೆದು ಬಿದ್ದ ಒಣ ಸುರುಳಿಗಳು; ಗೋಡೆಯ ಆಚೆಗೆ ಮೊಮ್ಮಗಳು ನಿದ್ರಿಸುತ್ತಿದ್ದ ಕೋಣೆ. ಲಿಥಿಯಂ ಬ್ಯಾಟರಿಯು ಮುಪ್ಪಿನಿಂದಲೂ, ಕಾವಿನಿಂದಲೂ, ಸದಾ ತುಂಬಿಯೇ ಇರುವುದರಿಂದಲೂ ಕೆಡುತ್ತದೆ. ಒಳಗೆ ಅನಿಲವು ಹುಟ್ಟಿ ಉಬ್ಬುತ್ತದೆ. ಚುಚ್ಚಿದರೆ, ಅದುಮಿದರೆ ಹೊತ್ತಿಕೊಳ್ಳಲೂಬಹುದು. ನಡುಗುವ ಕೈಯಿಂದ ತಂತಿಯನ್ನು ಕಿತ್ತು, ಅದನ್ನು ಅದುಮದೆ ಎತ್ತಿಕೊಂಡು ಹೋಗಿ ಅಂಗಳದ ಬರಿಯ ಕಲ್ಲುಚಪ್ಪಡಿಯ ಮೇಲಿಟ್ಟೆನು. ಸಂಜೆ ಮಗನು ಬಂದು ನೋಡಿದನು. ಒಂದು ಮಾತನ್ನೂ ಆಡಲಿಲ್ಲ. ಬೈದಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ಮರುದಿನ ರಿಪೇರಿಯವನು ಹೊಸ ಬ್ಯಾಟರಿಯನ್ನು ಹಾಕಿಕೊಟ್ಟನು. ಕೆಟ್ಟುದನ್ನು ಮನೆಯ ಕಸದೊಡನೆ ಬೆರೆಸದೆ ಪ್ರತ್ಯೇಕವಾಗಿ ಒಪ್ಪಿಸಬೇಕೆಂದು ೨೦೨೨ರ ಬ್ಯಾಟರಿ ತ್ಯಾಜ್ಯದ ನಿಯಮಗಳು ವಿಧಿಸಿವೆ; ಹಾಗೆಯೇ ಮಾಡಿದೆವು. ಈಗ ಆ ವಿದ್ವಾಂಸನಿಗೆ ಬಿಸಿಲು ತಾಗದ ಕಲ್ಲುಗೂಡಿನಲ್ಲಿ ಪೀಠ. ಶೇಕಡ ೨೦ಕ್ಕೆ ಇಳಿಯುವ ಮೊದಲು ಆಹಾರ, ೮೦ರ ಹತ್ತಿರ ಬಂದೊಡನೆ ವಿರಾಮ. ಅದೂ ನಾನು ಎದುರಿಗಿರುವಾಗ ಮಾತ್ರ.

ಹಳೆಯ ವಸ್ತುವಿಗೆ ಹೊಸ ಕೆಲಸವನ್ನು ಕೊಡುವುದು ಒಳ್ಳೆಯದೇ. ಆದರೆ ಕೊಡುವವನು ಅದರ ಮುಪ್ಪನ್ನೂ ಅರಿತಿರಬೇಕು. ತನ್ನ ಮುಪ್ಪನ್ನೂ ಮರೆಯಬಾರದು.

ಸಂಜೆ ಕೊಟ್ಟಿಗೆಯ ಬಾಗಿಲು ಹಾಕುವಾಗ ಮೊಮ್ಮಗಳು ತಪ್ಪದೆ ಬಂದು, "ತಾತ, ವೈರು ಕಿತ್ತೆಯಾ?" ಎಂದು ಕೇಳುತ್ತಾಳೆ. ತೋರಿಸಿದ ಮೇಲೆಯೇ ಬೀಗ. ಮೂವತ್ತು ವರ್ಷ ಮಕ್ಕಳಿಂದ ಪಾಠವನ್ನು ಒಪ್ಪಿಸಿಕೊಂಡವನಿಗೆ ಈಗ ಒಪ್ಪಿಸುವ ಸರದಿಯು ಬಂದಿದೆ.