ಮಂಜುಗಡ್ಡೆ ಇಲ್ಲದ ರಸ್ತೆ

ನನ್ನ ಅಕ್ಕನ ಮಗ ಫಿನ್ಲೆಂಡಿನ ಔಲು ಎಂಬ ಊರಿನಲ್ಲಿದ್ದಾನೆ. ಅಲ್ಲಿ ಹಿಮ ಬಿದ್ದ ದಿನವೂ ಜನ ಸೈಕಲ್ಲಿನಲ್ಲೇ ಕೆಲಸಕ್ಕೆ ಹೋಗುತ್ತಾರೆ. ಚಳಿಗಾಲದ ಸೈಕಲ್ ಸವಾರಿಯ ಬಗೆಗೇ 2013ರಲ್ಲಿ ಅಲ್ಲೊಂದು ಅಂತಾರಾಷ್ಟ್ರೀಯ ಸಮ್ಮೇಳನ ನಡೆಯಿತು. ಟೈರಿಗೆ ಲೋಹದ ಸಣ್ಣ ಮೊಳೆಗಳು. ಗಾಳಿ ತುಸು ಕಡಿಮೆ. ತಿರುವಿನಲ್ಲಿ ಬ್ರೇಕು ಒತ್ತಬಾರದು. ಮುಂದಿನ ಬ್ರೇಕನ್ನಂತೂ ನಂಬಲೇಬಾರದು. ಇದನ್ನೆಲ್ಲ ಫೋನಿನಲ್ಲಿ ವಿವರಿಸಿದವನು ಕೊನೆಗೆ, "ನಿಮಗೇನು ಮಾವ, ನಿಮ್ಮಲ್ಲಿ ಮಂಜುಗಡ್ಡೆಯೇ ಇಲ್ಲ" ಎಂದ.

ಗಡಿನಾಡಿನ ಓದುಗರಿಗೆ ನನ್ನ ಊರನ್ನು ಮೊದಲು ಪರಿಚಯಿಸಬೇಕು. ತಮಿಳುನಾಡಿನ ತೇನಿ ಜಿಲ್ಲೆಯ ಹನುಮಂತನಪಟ್ಟಿ, ಚಿನ್ನಮನೂರಿಗೂ ಉತ್ತಮಪಾಳ್ಯಕ್ಕೂ ನಡುವೆ ಇದೆ. ಈ ಕಂಬಂ ಕಣಿವೆಯಲ್ಲಿ ತಲೆಮಾರುಗಳಿಂದ ಕನ್ನಡ ಮಾತಾಡುವ ಒಕ್ಕಲಿಗರಿದ್ದೇವೆ. ತಮಿಳರು ನಮ್ಮನ್ನು ಕಾಪಿಲಿಯರ್ ಎನ್ನುತ್ತಾರೆ. ನಿಮಗೆ ಮಲಯಾಳ ನೆರೆಮನೆಯ ಮಾತು. ನಮಗೆ ತಮಿಳು ನೆರೆಮನೆ, ಘಟ್ಟ ಹತ್ತಿದರೆ ಮಲಯಾಳ. ಅಕ್ಷರ ಮಾತ್ರ ನಾನು ಕಲಿತದ್ದು ನೌಕರಿಯ ಮೊದಲ ಆರು ವರ್ಷ ಕರ್ನಾಟಕದ ಶಾಖೆಯೊಂದರಲ್ಲಿದ್ದಾಗ. ಆದ್ದರಿಂದ ನನ್ನ ಬರವಣಿಗೆ ಪುಸ್ತಕದಂತೆಯೂ ಮಾತು ಅಜ್ಜಿಯಂತೆಯೂ ಇದೆ.

ಹುಡುಗ ಹೇಳಿದ್ದು ಪೂರ್ತಿ ನಿಜವಲ್ಲ. ಘಟ್ಟದ ಮೇಲಿನ ಮೂನ್ನಾರಿನಲ್ಲಿ 2019ರ ಜನವರಿಯಲ್ಲಿ ಹುಲ್ಲಿನ ಮೇಲೆ ಹಿಮ ಕಟ್ಟಿ ಚಹಾ ಗಿಡಗಳು ಸುಟ್ಟಂತಾಗಿದ್ದವು. ಕೊಡೈಕಾನಲ್ಲಿನಲ್ಲೂ ಕೆಲವು ಮುಂಜಾವು ಹೀಗೇ ಆಗುತ್ತದೆ. ಆದರೆ ಕಣಿವೆಯ ತಳಕ್ಕೆ ಅದು ಇಳಿಯುವುದಿಲ್ಲ. ಇಲ್ಲಿ ಚಳಿಗಾಲವೆಂದರೆ ಹಿಂಗಾರು ಮಳೆ, ಆಮೇಲೆ ಧನುರ್ಮಾಸದ ಇಬ್ಬನಿ. ಮುಲ್ಲಪೆರಿಯಾರ್ ಅಣೆಕಟ್ಟಿನ ನೀರು 1895ರಿಂದ ಈ ಕಡೆಗೆ ಹರಿಯುತ್ತಿದೆ. ಅದರ ಬಲದಿಂದ ಕಣಿವೆಯಲ್ಲಿ ವರ್ಷಕ್ಕೆ ಎರಡು ಭತ್ತದ ಬೆಳೆ. ಎರಡನೆಯ ನಾಟಿಯ ಹೊತ್ತಿಗೆ ಟ್ರ್ಯಾಕ್ಟರುಗಳು ಗದ್ದೆ ಕಲಸಿ ರಸ್ತೆಗೆ ಹತ್ತುತ್ತವೆ. ಚಕ್ರಕ್ಕಂಟಿದ ಕಪ್ಪು ಕೆಸರು ಡಾಂಬರಿನ ಮೇಲೆ ಉದುರುತ್ತದೆ, ತುಂತುರು ಬೀಳುತ್ತದೆ. ಕ್ಯಾಷಿಯರನ ಲೆಕ್ಕದಲ್ಲಿ ಹೇಳುವುದಾದರೆ, ಒಣ ಡಾಂಬರಿನ ಮೇಲೆ ಟೈರಿನ ಹಿಡಿತ ಎಂಬತ್ತು ಪೈಸೆಯಾದರೆ ಮಂಜುಗಡ್ಡೆಯ ಮೇಲೆ ಹತ್ತು ಪೈಸೆ. ನಮ್ಮ ಕೆಸರು ಎಲ್ಲೋ ಇವೆರಡರ ನಡುವೆ.

ಇಪ್ಪತ್ತು ವರ್ಷದ ನೌಕರಿಯಲ್ಲಿ ಸ್ಕೂಟರ್ ಸಾಲದ ಅರ್ಜಿಗಳನ್ನು ಎಷ್ಟೋ ನೋಡಿದ್ದೇನೆ, ನಾನು ಹಾಕಲಿಲ್ಲ. ಬ್ಯಾಂಕಿಗೆ ನಾಲ್ಕೈದು ಕಿಲೋಮೀಟರು, ಸೈಕಲ್ಲು ಸಾಕು. ಅದರ ಬಗ್ಗೆ ಬರೆಯಬೇಕೆನಿಸಿದ್ದು ಮಗಳಿಂದ. ಹನ್ನೊಂದನೆಯ ತರಗತಿಗೆ ಸೇರಿದಾಗ ಅವಳಿಗೂ ಸರ್ಕಾರದ ಉಚಿತ ಸೈಕಲ್ಲು ಬಂತು. ಶಾಲೆ ನನ್ನ ಬ್ಯಾಂಕಿನ ದಿಕ್ಕಿಗೇ. ವಿಶೇಷ ತರಗತಿ ಮುಗಿಯುವುದು ಸಂಜೆ ಆರಕ್ಕೆ. ಪಡುವಣದ ಬೆಟ್ಟ ಎತ್ತರವಾದ್ದರಿಂದ ನಮ್ಮಲ್ಲಿ ಪಂಚಾಂಗ ಹೇಳಿದ ಹೊತ್ತಿಗೆ ಮುಂಚೆಯೇ ಸೂರ್ಯ ಮರೆಯಾಗುತ್ತಾನೆ. ಡಿಸೆಂಬರಿನಲ್ಲಿ ಆರಕ್ಕೆಲ್ಲ ಕತ್ತಲೆ.

ನನ್ನ ಹೆಂಡತಿ ಒಪ್ಪಲಿಲ್ಲ. ಹಿಂದಿನ ವರ್ಷ ನಮ್ಮ ಬೀದಿಯ ಹಾಲಿನವರಿಗೆ ಇದೇ ರಸ್ತೆಯಲ್ಲಿ, ಇದೇ ತಿಂಗಳಲ್ಲಿ, ನಸುಕಿನಲ್ಲಿ ಯಾವುದೋ ಗಾಡಿ ಹಿಂದಿನಿಂದ ಹೊಡೆದು ನಿಲ್ಲದೆ ಹೋಗಿತ್ತು. ಅವರ ಕಾಲಿನಲ್ಲಿ ಈಗ ಕಬ್ಬಿಣದ ಸಲಾಕೆಯಿದೆ. ಸೈಕಲ್ಲು ಹಿತ್ತಲಲ್ಲಿ ತುಕ್ಕು ಹಿಡಿಯುತ್ತಿದೆ. "ಟೌನ್ ಬಸ್ಸು ಹೆಂಗಸರಿಗೆ ಪುಕ್ಕಟೆ, ಅದರಲ್ಲೇ ಹೋಗಲಿ" ಎಂಬುದು ಅವಳ ವಾದ. 2021ರಿಂದ ಪುಕ್ಕಟೆ ಹೌದು. ಮಗಳು ಕೇಳಿದಳು: "ಆರೂಕಾಲರ ಬಸ್ಸು ಏಳಕ್ಕೆ ಬಂದರೆ ನಾನು ಅಲ್ಲಿವರೆಗೆ ಕತ್ತಲಲ್ಲಿ ನಿಂತಿರಬೇಕಾ ಅಪ್ಪಾ?" ಇಬ್ಬರ ಮಾತೂ ಸರಿ. ತೀರ್ಪು ನನ್ನ ತಲೆಗೆ ಬಂತು.

ಒಂದು ಭಾನುವಾರ ಅವಳ ಸೈಕಲ್ಲನ್ನು ದೇವಸ್ಥಾನದ ಮುಂದಿನ ಬಯಲಿಗೆ ಒಯ್ದೆವು. ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದೆ. ಜೋರಾಗಿ ಬಂದು ಗೆರೆಯ ಮೇಲೆ ಬ್ರೇಕು ಒತ್ತಬೇಕು. ಒಣಗಿದ ರಿಮ್ಮಿನಲ್ಲಿ ಐದು ಹೆಜ್ಜೆಗೆ ನಿಂತಳು. ಆಮೇಲೆ ಎರಡು ಚೊಂಬು ನೀರನ್ನು ರಿಮ್ಮಿನ ಸುತ್ತ ಸುರಿದೆ. ಹದಿಮೂರು ಹೆಜ್ಜೆ! ಅವಳೇ ಅಳೆದಳು, ನಂಬದೆ ಮತ್ತೊಮ್ಮೆ ಅಳೆದಳು. ಉಕ್ಕಿನ ರಿಮ್ಮಿನ ಮೇಲೆ ನೀರಿನ ಪೊರೆಯಿದ್ದರೆ ರಬ್ಬರಿನ ಗಟ್ಟಿ ಜಾರುತ್ತದೆ, ಕಚ್ಚುವುದಿಲ್ಲ. ಮಳೆಯಲ್ಲಿ ನಿಲ್ಲಬೇಕಾದ ಜಾಗ ಬರುವುದಕ್ಕೆ ಬಹಳ ಮುಂಚೆಯೇ ಬ್ರೇಕನ್ನು ಮೆಲ್ಲಗೆ ತಾಗಿಸಿಟ್ಟು, ಚಕ್ರ ಕೆಲವು ಸುತ್ತು ತಿರುಗುವಾಗ ನೀರನ್ನು ಒರೆಸಿಕೊಳ್ಳಬೇಕು, ಆಮೇಲೆ ಒತ್ತಬೇಕು. ಕೆಸರು ಕಂಡರೆ ಬ್ರೇಕೂ ಬೇಡ, ತಿರುವೂ ಬೇಡ. ಹ್ಯಾಂಡಲು ನೇರ ಹಿಡಿದು ಸಮನಾಗಿ ತುಳಿಯುತ್ತ ದಾಟಬೇಕು. ನೋಡಿದರೆ ಇದು ಔಲುವಿನ ಪಾಠವೇ.

ಬೀಳದಿರುವುದು ಹೀಗೆ ಕಲಿಸಬಹುದಾದ ವಿದ್ಯೆ. ಕಾಣಿಸಿಕೊಳ್ಳುವುದು ಕಷ್ಟ. ಹಳೆಯ ಸೈಕಲ್ಲುಗಳ ಡೈನಮೊ ಒದ್ದೆ ಟೈರಿನ ಮೇಲೆ ಜಾರಿ, ದೀಪ ಬೇಕಾದಾಗಲೇ ಮಂಕಾಗುತ್ತದೆ. ಸವಾರ ನಿಂತರೆ ಅದೂ ಕಣ್ಣು ಮುಚ್ಚುತ್ತದೆ. ಮಗಳ ಸೈಕಲ್ಲಿನಲ್ಲಂತೂ ದೀಪವೇ ಇರಲಿಲ್ಲ. ಇನ್ನು ನವೆಂಬರ್ ನಡುವಿನಿಂದ ಜನವರಿ ನಡುವಿನ ತನಕ ನಮ್ಮ ರಸ್ತೆ ಶಬರಿಮಲೆಯ ರಸ್ತೆ. ಕರ್ನಾಟಕ, ಆಂಧ್ರ, ತೆಲಂಗಾಣಗಳ ವ್ಯಾನುಗಳು ರಾತ್ರಿಯಿಡೀ ಕುಮುಳಿ ಕಡೆಗೆ ಓಡುತ್ತವೆ. ರಸ್ತೆಯಂಚಿನಲ್ಲಿ ಕಪ್ಪು ಪಂಚೆಯುಟ್ಟು ಬರಿಗಾಲಲ್ಲಿ ನಡೆಯುವ ಭಕ್ತರು. ಬೆಳಗಿನ ಜಾವ ಏಲಕ್ಕಿ ತೋಟಕ್ಕೆ ಹೆಂಗಸರನ್ನು ತುಂಬಿಕೊಂಡು ಘಟ್ಟ ಹತ್ತುವ ಜೀಪುಗಳ ಅವಸರ ಬೇರೆ.

ಒಂದು ಸಂಜೆ ಚಹಾದಂಗಡಿಯ ಮುಂದೆ ಕರ್ನಾಟಕದ ವ್ಯಾನು ನಿಂತಿತ್ತು. ಡ್ರೈವರನ್ನು ಕನ್ನಡದಲ್ಲೇ ಮಾತಾಡಿಸಿದೆ. ಮಾಲೆಯ ದಿನಗಳಲ್ಲವೆ, ಎಲ್ಲರೂ ಎಲ್ಲರಿಗೂ ಸ್ವಾಮಿ.

"ಅರೆ, ಇಲ್ಲೂ ಕನ್ನಡವಾ ಸ್ವಾಮಿ?"

"ಇಲ್ಲೂ ಇದೆ ಸ್ವಾಮಿ. ಒಂದು ಕೇಳ್ತೀನಿ. ರಾತ್ರಿ ನಿಮಗೆ ಸೈಕಲ್ಲು ಕಾಣ್ತದಾ?"

ಅವರು ಲೋಟ ಕೆಳಗಿಟ್ಟು ಸ್ವಲ್ಪ ಯೋಚಿಸಿದರು. "ಎದುರಿನ ಲೈಟು ಕಣ್ಣಿಗೆ ಹೊಡೆದರೆ ರೋಡಿನ ಅಂಚೇ ಕಾಣಲ್ಲ ಸ್ವಾಮಿ. ಮನುಷ್ಯ ಎಲ್ಲಿ ಕಾಣ್ತಾನೆ? ಮೇಲೆ ಕೆಳಗೆ ಆಡೋ ಏನಾದ್ರೂ ಮಿನುಗಿದರೆ, ಯಾರೋ ತುಳೀತಿದ್ದಾರೆ ಅಂತ ಕೈ ತಾನೇ ತಿರುಗುತ್ತೆ."

ಈ ಮಾತಿಗೆ ನಾನು ಆ ಚಹಾದ ದುಡ್ಡು ಕೊಟ್ಟೆ. ಅವರು ಬೇಡವೆಂದರೂ ಬಿಡಲಿಲ್ಲ. ಮರುದಿನವೇ ಮಗಳ ಪೆಡಲಿಗೆ ಹಳದಿ ರಿಫ್ಲೆಕ್ಟರು, ಹಿಂದಿನ ಮಡ್‌ಗಾರ್ಡಿನ ತುದಿಗೆ ಬಿಳಿ ಬಣ್ಣ, ಮೇಲೊಂದು ಬ್ಯಾಟರಿಯ ಕೆಂಪು ದೀಪ. ಖರ್ಚು ಮುನ್ನೂರು ರೂಪಾಯಿ ದಾಟಲಿಲ್ಲ. ನನ್ನ ಹೆಂಡತಿ ರಾತ್ರಿ ಬೀದಿಯ ಕೊನೆಗೆ ಹೋಗಿ ನಿಂತು, ಮಗಳು ದೂರದಿಂದ ಸೈಕಲ್ ಹೊಡೆದು ಬರುವುದನ್ನೂ ದಾಟಿ ಹೋಗುವುದನ್ನೂ ಎರಡು ಸಲ ನೋಡಿದಳು. ಏನೂ ಹೇಳಲಿಲ್ಲ. ಮಾರನೆಯ ದಿನ ಬಸ್ಸಿನ ಮಾತೆತ್ತಲೂ ಇಲ್ಲ.

ಆದರೂ ಅಕ್ಕನ ಮಗ ಹೇಳಿದ ಇನ್ನೊಂದು ಸಂಗತಿ ನನ್ನನ್ನು ಕಾಡುತ್ತದೆ. ಅಲ್ಲಿ ಹಿಮ ಬಿದ್ದೊಡನೆ ಸೈಕಲ್ಲಿನ ದಾರಿಯನ್ನೂ ಯಂತ್ರ ತಂದು ಬಳಿಯುತ್ತಾರಂತೆ. ಅಂದರೆ ಸೈಕಲ್ಲಿನವನು ಬೆಳಿಗ್ಗೆ ಬರುತ್ತಾನೆಂದು ಊರಿಗೆ ಗೊತ್ತು. ನಮ್ಮಲ್ಲಿ ಸರ್ಕಾರ ಸಾವಿರಾರು ಮಕ್ಕಳ ಕೈಗೆ ಸೈಕಲ್ಲು ಕೊಟ್ಟಿತು, ಬಹಳ ಒಳ್ಳೆಯ ಕೆಲಸ. ಅವರು ಅದನ್ನು ಎಲ್ಲಿ ಓಡಿಸುತ್ತಾರೆಂದು ರಸ್ತೆ ಹಾಕುವವರಿಗೆ ಯಾರೂ ಹೇಳಿದಂತಿಲ್ಲ. ಬಿಳಿಗೆರೆಯಾಚೆ ಉಳಿದ ಮೊಳದುದ್ದದ ಅಂಚಿನಲ್ಲಿ ಮಕ್ಕಳೂ ಭಕ್ತರೂ ಕೆಸರೂ ಒಟ್ಟಿಗಿರಬೇಕು.

ಸಂಕ್ರಾಂತಿ ಕಳೆದು ವ್ಯಾನುಗಳು ಕಡಿಮೆಯಾಗುವ ಹೊತ್ತಿಗೆ ಹುರುಳಿ ಬರುತ್ತದೆ. ಕಿತ್ತ ಗಿಡಗಳನ್ನು ರಸ್ತೆಯ ಮೇಲೆ ಹಾಸುತ್ತಾರೆ, ಬಸ್ಸು ಲಾರಿಗಳೇ ಒಕ್ಕಣೆ ಮಾಡಿಕೊಡುತ್ತವೆ. ಸೈಕಲ್ಲಿಗೆ ಉದುರಿದ ಕಾಳು ಗುಂಡುಗಳ ಮೇಲೆ ಚಕ್ರವಿಟ್ಟಂತೆ. ಬಿಸಿಲಲ್ಲೇ ನಮ್ಮ ಮಂಜುಗಡ್ಡೆ. ನಂಟರಲ್ಲೇ ಹಿರಿಯರೊಬ್ಬರು ಹಾಗೆ ಹಾಸಿದ್ದಾಗ ನಾನು ಹೋಗಿ, "ಮಾವ, ಎಡಗಡೆ ಒಂದು ಮಾರು ಬಿಡಿ, ಮಕ್ಕಳು ಸ್ಕೂಲಿಗೆ ಹೋಗ್ತಾರೆ" ಎಂದು ಕೇಳಿಕೊಂಡೆ. ಅವರು ಕೋಲಿನಿಂದ ಗಿಡಗಳನ್ನು ಒಂದು ಮೊಳದಷ್ಟು ಒಳಕ್ಕೆ ಸರಿಸಿದರು.

"ಇಷ್ಟು ಸಾಕು. ಮಿಕ್ಕದ್ದಕ್ಕೆ ನಿನ್ನ ಮಗಳು ಇಳಿದು ತಳ್ಳಿಕೊಂಡು ಹೋಗಲಿ."

ಅವಳು ಅಲ್ಲಿ ಇಳಿದು ತಳ್ಳಿಕೊಂಡೇ ಹೋಗುತ್ತಾಳೆ.